ರಕ್ಷೆ ಪಡೆದವರ ರೋಗವೂ ನೆರೆಯವರ ಭೃತ್ಯಾಚಾರವೂ



ಕವಚವನ್ನು ತೊಟ್ಟು ರಣರಂಗಕ್ಕೆ ಹೋದ ಭಟನು ತೋಳಿಗೆ ಗಾಯಮಾಡಿಕೊಂಡು ಜೀವಸಹಿತನಾಗಿ ಮರಳಿ ಬಂದರೆ ಊರವರು ಏನು ಮಾಡಬೇಕು? ಗಾಯಕ್ಕೆ ಮದ್ದು ಹಚ್ಚಿ, ನೀರು ಕೊಟ್ಟು, ನೆರಳಿನಲ್ಲಿ ಮಲಗಿಸಬೇಕೋ, ಇಲ್ಲವೆ “ನಿನ್ನ ಕವಚವು ಯಾತಕ್ಕೆ ಬಂದಿತು?” ಎಂದು ನಕ್ಕು ಬಾಗಿಲು ಮುಚ್ಚಿಕೊಳ್ಳಬೇಕೋ? ಈ ಪ್ರಶ್ನೆಗೆ ಉತ್ತರ ಹೇಳಲು ಶಾಸ್ತ್ರಜ್ಞಾನವು ಬೇಕಾಗುವದಿಲ್ಲ. ಆದರೂ 2021ನೆಯ ಇಸವಿಯ ಉತ್ತರಾರ್ಧದಲ್ಲಿಯೂ 2022ರ ಆರಂಭದ ತಿಂಗಳುಗಳಲ್ಲಿಯೂ, ಎರಡು ಸಲ ಲಸಿಕೆ ಹಾಕಿಸಿಕೊಂಡ ಮೇಲೆ ಕೋವಿಡ್ ಜ್ವರದಿಂದ ಮಲಗಿದ ಎಷ್ಟೋ ಜನರಿಗೆ ನಮ್ಮ ಕಡೆಯ ಊರುಗಳಲ್ಲಿ ದೊರೆತದ್ದು ಆ ಎರಡನೆಯ ಉಪಚಾರವೇ. ರೋಗಿಯು ಏಕಕಾಲಕ್ಕೆ ಎರಡು ತಾಪಗಳನ್ನು ಉಂಡನು: ಮೈಯ ತಾಪವೊಂದು, ಮಿತ್ರರ ನಗೆಯ ತಾಪವೊಂದು. ಆ ಕಾಲದ ಗದ್ದಲವು ಈಗ ಅಡಗಿದೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಜಾಗತಿಕ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ರೋಗಾಣುವೇನೋ ಲೋಕವನ್ನು ಬಿಟ್ಟು ಹೋಗಿಲ್ಲ. ಆದರೆ ಗದ್ದಲವು ಅಡಗಿದ ಮೇಲೆಯೇ ಇಂಥ ಸಂಗತಿಯನ್ನು ಸಮಚಿತ್ತದಿಂದ ವಿಚಾರಿಸಲು ಸಾಧ್ಯವು.

ರಕ್ಷೆ ಎಂದರೇನು ಎಂಬದನ್ನು ಮೊದಲು ತಿಳಿಯಬೇಕು. ನಮಗೆ ಅಷ್ಟಾವರಣಗಳಿವೆ: ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ. ಆವರಣವೆಂದರೆ ಹೊದಿಕೆ, ಕಾಪು. ಈ ಎಂಟು ಕಾಪುಗಳನ್ನು ಧರಿಸಿದ ಶರಣರಿಗೆ ಜ್ವರವು ಬರಲಿಲ್ಲವೆ? ಹಸಿವು ಕಾಡಲಿಲ್ಲವೆ? ಕಲ್ಯಾಣವು ಕದಡಿದಾಗ ಚನ್ನಬಸವಣ್ಣನವರೂ ಅವರ ಸಂಗಡಿಗರೂ ಈ ನಮ್ಮ ಸೀಮೆಯ ಕಾಡುಗಳನ್ನು ಹೊಕ್ಕು ಉಳವಿಯನ್ನು ಸೇರಿದರೆಂದು ಪರಂಪರೆಯು ಹೇಳುತ್ತದೆ. ಜೋಯಿಡಾ ತಾಲೂಕಿನ ಆ ಕ್ಷೇತ್ರಕ್ಕೆ ಹೋಗಿ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. ದಾರಿಯುದ್ದಕ್ಕೂ ಅವರ ಬೆನ್ನಿಗೆ ಖಡ್ಗಗಳಿದ್ದವು; ಅವರ ಕೊರಳಿನಲ್ಲಿ ಲಿಂಗವಿದ್ದಿತು. ಖಡ್ಗವು ಬೆನ್ನಟ್ಟಿದ ಮಾತ್ರಕ್ಕೆ ಲಿಂಗವು ಸುಳ್ಳಾಯಿತೆಂದು ಯಾವ ಶರಣನೂ ಅನ್ನಲಿಲ್ಲ. ಲಸಿಕೆಯು ಅಷ್ಟಾವರಣಕ್ಕೆ ಸಮಾನವೆಂದು ಇದರಿಂದ ಯಾರೂ ಅರ್ಥಮಾಡಬಾರದು. ಅದು ಔಷಧ, ಇದು ದೀಕ್ಷೆ. ಅದರ ಕ್ಷೇತ್ರವು ದೇಹ, ಇದರ ಕ್ಷೇತ್ರವು ಪ್ರಾಣ. ಆದರೆ ಕಾಪು ಎಂಬ ಶಬ್ದವನ್ನು ಬಲ್ಲ ನಮ್ಮ ಜನರು, ಕಾಪಿರುವಲ್ಲಿ ಪೆಟ್ಟು ಬೀಳಲೇಬಾರದೆಂದು ವಾದಿಸುವದು ಆಶ್ಚರ್ಯದ ಸಂಗತಿ.

ನಡೆದ ಸಂಗತಿಯನ್ನೇ ನೋಡೋಣ. ನಮ್ಮ ದೇಶದಲ್ಲಿ ಲಸಿಕೆಯ ಕಾರ್ಯವು 2021ರ ಜನವರಿ 16ರಂದು ಆರಂಭವಾಯಿತು. ಮೊದಲು ವೈದ್ಯರಿಗೂ ದಾದಿಯರಿಗೂ, ಮಾರ್ಚ್ ತಿಂಗಳಿನಿಂದ ವೃದ್ಧರಿಗೂ, ಮೇ ತಿಂಗಳಿನಿಂದ ಹದಿನೆಂಟು ವರ್ಷ ತುಂಬಿದ ಎಲ್ಲರಿಗೂ ಅದು ದೊರೆಯುವಂತಾಯಿತು. ಪುಣೆಯಲ್ಲಿ ತಯಾರಾಗುತ್ತಿದ್ದ ಕೋವಿಶೀಲ್ಡ್, ಹೈದರಾಬಾದಿನವರ ಕೋವ್ಯಾಕ್ಸಿನ್ ಎಂಬ ಹೆಸರುಗಳು ನಮ್ಮ ಹಳ್ಳಿಗಳ ಅಜ್ಜಿಯರ ಬಾಯಲ್ಲಿಯೂ ಆಡಿದವು. ಆ ವರ್ಷದ ನವೆಂಬರದಲ್ಲಿ, ನಮ್ಮ ಮಳಗಿಯವರು ನೆಂಟಸ್ತಿಕೆಗಾಗಿಯೂ ಓದಿಗಾಗಿಯೂ ಹೋಗಿಬರುವ ಧಾರವಾಡದಲ್ಲಿಯೇ, ಸತ್ತೂರಿನ ಎಸ್.ಡಿ.ಎಂ. ವೈದ್ಯಕೀಯ ಮಹಾವಿದ್ಯಾಲಯದ ಸುದ್ದಿಯು ದೇಶಕ್ಕೆಲ್ಲ ಹಬ್ಬಿತು. ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭವೊಂದು ಅಲ್ಲಿ ಆಗಿದ್ದಿತು. ನವೆಂಬರ 25ರಂದು 66 ಜನರಲ್ಲಿ ಸೋಂಕು ಕಂಡುಬಂದಿತು. ಮರುದಿನ ಆ ಸಂಖ್ಯೆಯು 182 ಆಯಿತು. ಅದರ ಮರುದಿನ 281. ಇವರಲ್ಲಿ ಬಹುತೇಕರು ಎರಡೂ ಸಲ ಲಸಿಕೆ ಪಡೆದವರು; ವೈದ್ಯವಿದ್ಯೆಯನ್ನೇ ಕಲಿಯುತ್ತಿದ್ದವರು. “ವೈದ್ಯರ ಮಕ್ಕಳಿಗೇ ಈ ಗತಿಯಾದರೆ ನಮ್ಮ ನಿಮ್ಮ ಪಾಡೇನು? ಎಲ್ಲವೂ ಬರಿಯ ಸೋಗು” ಎಂದು ಬಸ್ ನಿಲ್ದಾಣದ ಕಟ್ಟೆಗಳ ಮೇಲೆ ಜನರು ಆಡಿಕೊಂಡರು. ಅದೇ ಸುದ್ದಿಯ ಉತ್ತರಾರ್ಧವನ್ನು ಮಾತ್ರ ಯಾರೂ ಆಡಿಕೊಳ್ಳಲಿಲ್ಲ: ಆ ನೂರಾರು ಜನರಲ್ಲಿ ಬಹುಮಂದಿಗೆ ಲಕ್ಷಣಗಳೇ ಇರಲಿಲ್ಲ, ಇಲ್ಲವೆ ಅತ್ಯಲ್ಪವಾಗಿದ್ದವು. ಅದೇ ಧಾರವಾಡ ಹುಬ್ಬಳ್ಳಿಗಳಲ್ಲಿ ಅದೇ ವರ್ಷದ ಏಪ್ರಿಲ್, ಮೇ ತಿಂಗಳುಗಳಲ್ಲಿ, ಲಸಿಕೆಯು ಇನ್ನೂ ಬಹುಜನರಿಗೆ ದೊರೆಯದಿದ್ದಾಗ, ಹಾಸಿಗೆಗಾಗಿ ಆಸ್ಪತ್ರೆಗಳ ಬಾಗಿಲಲ್ಲಿ ಕಾದವರ ಸ್ಥಿತಿಯನ್ನು ನೆನೆದರೆ ಎರಡಕ್ಕೂ ಇರುವ ಅಂತರವು ತಾನೇ ತಿಳಿಯುವದು.

ಸೋಂಕು ತಗಲಿತು, ಪ್ರಾಣವು ಉಳಿಯಿತು, ಇದು ಹೇಗೆ? ನಮ್ಮ ರೈತಬಂಧುಗಳಿಗೆ ಹೊಲದ ದೃಷ್ಟಾಂತವೇ ಸಾಕು. ಮಳಗಿಯ ಸುತ್ತಲಿನ ಹೊಲಗಳಿಗೆ ಕಾಡು ಹತ್ತಿರ. ರಾತ್ರಿ ಹಂದಿಯು ಬೇಲಿಯನ್ನು ನುಗ್ಗಿ ಅಂಚಿನ ನಾಲ್ಕು ಸಾಲು ಗೋವಿನಜೋಳವನ್ನು ಕೆಡಿಸಿತೆಂದು ತಿಳಿಯಿರಿ. ಅಷ್ಟರಲ್ಲಿ ಕಾವಲುಗಾರನು ಎಚ್ಚತ್ತು ಬೊಬ್ಬಿಟ್ಟರೆ ಒಳಗಿನ ಬೆಳೆಯು ಉಳಿಯುವದು. ಮೂಗು, ಗಂಟಲುಗಳು ಹೊಲದ ಅಂಚು. ಪುಪ್ಪುಸವು ಒಳಗಿನ ಬೆಳೆ. ತೋಳಿಗೆ ಚುಚ್ಚಿದ ಲಸಿಕೆಯಿಂದ ರಕ್ತದಲ್ಲಿ ಪ್ರತಿಕಾಯಗಳೆಂಬ ರಕ್ಷಕದ್ರವ್ಯಗಳು ಹುಟ್ಟುತ್ತವೆ. ಅವು ಮೂಗಿನ ಒದ್ದೆಯಾದ ಒಳಮೈಗೆ ಅಷ್ಟು ಸಮೃದ್ಧವಾಗಿ ತಲಪುವದಿಲ್ಲ. ತಿಂಗಳುಗಳು ಕಳೆದಂತೆ ಕಡಮೆಯೂ ಆಗುತ್ತವೆ. ಆದುದರಿಂದ ರೋಗಾಣುವು ಅಂಚಿನಲ್ಲಿ ನೆಲೆಯೂರಿ ಶೀತ, ಜ್ವರ, ಮೈನೋವುಗಳನ್ನು ಕೊಡಬಲ್ಲದು. ಆದರೆ ಲಸಿಕೆಯು ಶರೀರದಲ್ಲಿ ಸ್ಮರಣೆಯುಳ್ಳ ಜೀವಕೋಶಗಳನ್ನೂ ಬಿಟ್ಟುಹೋಗಿರುತ್ತದೆ. ಶತ್ರುವಿನ ಮುಖವನ್ನು ಮೊದಲೇ ಕಂಡ ಕಾವಲುಗಾರರು ಅವು. ಅವು ಎಚ್ಚತ್ತು ಕೆಲಸಕ್ಕೆ ತೊಡಗುವಷ್ಟರಲ್ಲಿ ಒಂದೆರಡು ದಿನಗಳ ಜ್ವರವು ಆಗಿಹೋಗಬಹುದು. ಪುಪ್ಪುಸದವರೆಗೆ ರೋಗವು ಇಳಿಯುವ ಸಂಭವವು ಮಾತ್ರ ಬಹಳ ತಗ್ಗುವದು. ಮೇಲಾಗಿ ರೋಗಾಣುವೂ ವೇಷವನ್ನು ಬದಲಿಸುತ್ತದೆ. ಧಾರವಾಡದ ಸುದ್ದಿಯು ಹಬ್ಬುತ್ತಿದ್ದ ದಿನಗಳಲ್ಲಿಯೇ, ನವೆಂಬರ 26ರಂದು, ವಿಶ್ವ ಆರೋಗ್ಯ ಸಂಸ್ಥೆಯು ಹೊಸ ರೂಪಾಂತರಿಗೆ ಓಮಿಕ್ರಾನ್ ಎಂದು ಹೆಸರಿಟ್ಟಿತು. ಡಿಸೆಂಬರ 2ರಂದು ಭಾರತದ ಮೊದಲ ಇಬ್ಬರು ಓಮಿಕ್ರಾನ್ ರೋಗಿಗಳು ಬೆಂಗಳೂರಿನಲ್ಲಿಯೇ ಗುರುತಿಸಲ್ಪಟ್ಟರು. ಅವರಲ್ಲೊಬ್ಬರು ಲಸಿಕೆ ಪಡೆದಿದ್ದ ವೈದ್ಯರು, ವಿದೇಶಕ್ಕೆ ಹೋದವರಲ್ಲ. ವೇಷವನ್ನು ಬದಲಿಸಿ ಬಂದ ಕಳ್ಳನನ್ನು ಕಾವಲುಗಾರನು ತಡವಾಗಿ ಗುರುತಿಸಿದನೆಂದು ಕಾವಲನ್ನೇ ತೆಗೆದುಹಾಕುವ ಯಜಮಾನನುಂಟೆ?

ಇನ್ನೊಂದು ಮಾತನ್ನು ಲೆಕ್ಕದಿಂದಲೇ ತೋರಿಸಬೇಕಾಗಿದೆ. “ಆಸ್ಪತ್ರೆಯಲ್ಲಿ ಮಲಗಿದವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಂಡವರೇ” ಎಂದು ಕೆಲವು ವಿದ್ಯಾವಂತರೂ ಹೇಳುತ್ತಿದ್ದರು. ನಮ್ಮ ಶಾಲೆಯ ಏಳನೆಯ ತರಗತಿಯ ಮಕ್ಕಳಿಗೆ ಕೊಡಬಹುದಾದ ಲೆಕ್ಕವಿದು. ಅಂಕೆಗಳು ಕೇವಲ ಉದಾಹರಣೆಗಾಗಿ. ಒಂದು ಊರಿನಲ್ಲಿ 1000 ಜನರಿದ್ದಾರೆ. 900 ಜನರು ಲಸಿಕೆ ಪಡೆದವರು, 100 ಜನರು ಪಡೆಯದವರು. ಪಡೆದವರಲ್ಲಿ ನೂರಕ್ಕೆ ಒಬ್ಬನು ಆಸ್ಪತ್ರೆಗೆ ಹೋದರೆ 9 ಜನರಾದರು. ಪಡೆಯದವರಲ್ಲಿ ನೂರಕ್ಕೆ ಆರು ಜನರು ಹೋದರೆ 6 ಜನರಾದರು. ಹಾಸಿಗೆಗಳನ್ನು ಮಾತ್ರ ಎಣಿಸಿದವನು, ಲಸಿಕೆ ಪಡೆದವರೇ ಹೆಚ್ಚೆಂದು ಕೂಗುವನು. ಮನೆಗಳನ್ನೂ ಎಣಿಸಿದವನು, ಪಡೆಯದವನ ಅಪಾಯವು ಆರು ಮಡಿಯೆಂದು ಕಾಣುವನು. ಎಣಿಕೆಯು ಎರಡೂ ಕಡೆ ಸರಿಯೇ. ಎಲ್ಲಿ ನಿಂತು ಎಣಿಸಿದರೆಂಬದೇ ಮುಖ್ಯ.

ನಮ್ಮ ಸೀಮೆಗೆ ಈ ವಾದವು ಹೊಸದೂ ಅಲ್ಲ. ಪ್ಲೇಗಿನ ಕಾಲದ ಮಾತನ್ನು ಹಿರಿಯರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದ ಕಥೆಗಳು ಎಷ್ಟೋ ಮನೆತನಗಳಲ್ಲಿವೆ. ಹಾಫ್‌ಕಿನ್ ಎಂಬ ವಿಜ್ಞಾನಿಯು ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ, ಅಂದರೆ 1898ರಲ್ಲಿ, ನಮ್ಮ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಅದನ್ನು ಹಾಕಲಾಯಿತು. ಹಾಕಿಸಿಕೊಂಡವರಲ್ಲಿಯೂ ಕೆಲವರಿಗೆ ಪ್ಲೇಗು ತಗಲಿತು, ಕೆಲವರು ತೀರಿಕೊಂಡರು. ಬಳಿಕ ವಿಚಾರಣೆಗೆ ನೇಮಕವಾದ ಪ್ಲೇಗ್ ಆಯೋಗವು, ಈ ಲಸಿಕೆಯಿಂದ ರೋಗವೂ ಮರಣವೂ ಕಡಮೆಯಾಗುವವು, ಆದರೆ ಇದು ಪೂರ್ಣರಕ್ಷೆಯಲ್ಲ ಎಂದು ಹೇಳಿತು. ನೂರಿಪ್ಪತ್ತು ವರ್ಷಗಳ ಮೇಲೆ ಕೋವಿಡ್ ಲಸಿಕೆಯ ವಿಷಯದಲ್ಲಿಯೂ ಬಲ್ಲವರು ಹೇಳಿದ ಮಾತು ಇದೇ.

ಹಾಗೆಂದು ಚುಚ್ಚಿದ್ದೆಲ್ಲವೂ ಅಮೃತವೆಂದು ನಂಬಬೇಕೆಂಬ ಅರ್ಥವಲ್ಲ. ನಮ್ಮ ಜಿಲ್ಲೆಯ ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆಯು ಚಿರಪರಿಚಿತವು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಆ ರೋಗಕ್ಕೂ ಲಸಿಕೆಯಿದ್ದಿತು. ಅದನ್ನು ಪಡೆದವರಲ್ಲಿಯೂ ರೋಗವು ಕಾಣುತ್ತಲಿದ್ದಿತು. ಪರೀಕ್ಷಿಸಿ ನೋಡಲಾಗಿ ಅದರ ಬಲವು ಸಾಲದೆಂದು ತಿಳಿದು, 2022ರಲ್ಲಿ ಅದನ್ನು ಕೊಡುವದನ್ನೇ ನಿಲ್ಲಿಸಿದರು. ಪರೀಕ್ಷಿಸಿ ಹಿಡಿಯುವದು, ಪರೀಕ್ಷಿಸಿ ಬಿಡುವದು, ಎರಡೂ ವಿವೇಕವೇ. ಕಟ್ಟೆಯ ಮೇಲಿನ ನಗೆಗೂ ಪರೀಕ್ಷೆಗೂ ಸಂಬಂಧವಿಲ್ಲ.

ಇಷ್ಟು ಹೊತ್ತು ಔಷಧದ ಮಾತಾಯಿತು. ಈಗ ಆಚಾರದ ಮಾತಿಗೆ ಬರುವೆನು; ಈ ಪ್ರವಚನದ ಪ್ರಯೋಜನವಿರುವದು ಅಲ್ಲಿಯೇ.

ನಮ್ಮ ಧರ್ಮವು ಪಂಚಸೂತಕಗಳನ್ನು ನಿರಾಕರಿಸಿದ ಧರ್ಮವು. ಜನನ, ಮರಣ, ರಜಸ್ಸು, ಎಂಜಲು, ಜಾತಿ ಇವುಗಳಿಂದ ಮನುಷ್ಯನು ಮೈಲಿಗೆಯಾಗುವನೆಂಬ ಭಾವನೆಯನ್ನು ಶರಣರು ಬೇರುಸಹಿತ ಕಿತ್ತರು. ಲಿಂಗವಿದ್ದಲ್ಲಿ ಸೂತಕವಿಲ್ಲ. ಅಂಥ ಧರ್ಮದ ಮನೆಗಳಲ್ಲಿ ಕೋವಿಡ್ ಕಾಲಕ್ಕೆ ಆರನೆಯ ಸೂತಕವೊಂದು ಹುಟ್ಟಿತು. ರೋಗಿಯಿಂದ ಅಂತರದಲ್ಲಿರಬೇಕೆಂದು ವೈದ್ಯರು ಹೇಳಿದ್ದು ನಿಜ. ಆದರೆ ಅಂತರವೇ ಬೇರೆ, ಸೂತಕವೇ ಬೇರೆ. ಅಂತರಕ್ಕೆ ಕಾರಣವುಂಟು, ಅವಧಿಯುಂಟು. 2022ರ ಜನವರಿಯ ಸರಕಾರದ ಸೂಚನೆಯಂತೆ ಸೌಮ್ಯರೋಗಿಯು ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದದ್ದು ಏಳು ದಿನಗಳು, ಕೊನೆಯ ಮೂರು ದಿನಗಳಲ್ಲಿ ಜ್ವರವಿಲ್ಲದಿದ್ದರೆ. ಎಂಟನೆಯ ದಿನ ಆ ಅಂತರವು ತೀರಿತು. ಸೂತಕಕ್ಕಾದರೋ ಅವಧಿಯಿಲ್ಲ, ಅದು ರೋಗಕ್ಕೆ ಅಂಟದೆ ಮನುಷ್ಯನಿಗೆ ಅಂಟುವದು. ರೋಗವು ಹೋಗಿ ತಿಂಗಳಾದರೂ ಆ ಮನೆಯ ಹಾಲನ್ನು ಕೊಳ್ಳದಿರುವದು, ಆ ಮನೆಯ ಕೂಸನ್ನು ಎತ್ತಿಕೊಳ್ಳದಿರುವದು, ಆ ಮನೆಯವರನ್ನು ಕಂಡು ಓಣಿಯ ಮಗ್ಗಲು ಬದಲಿಸುವದು, ಇವು ಯಾವ ವೈದ್ಯಗ್ರಂಥದಲ್ಲಿವೆ? ಇಷ್ಟಲಿಂಗವನ್ನು ಕಟ್ಟಿಕೊಂಡ ಕೈಗಳೇ ಇದನ್ನು ಮಾಡಿದಾಗ ಹನ್ನೆರಡನೆಯ ಶತಮಾನದ ಆ ಮಹಾಶ್ರಮವು ಎಲ್ಲಿಗೆ ಬಂದಿತೆಂದು ಯೋಚಿಸಬೇಕಾಗುವದು.

ಇದಕ್ಕೆ ವ್ಯತಿರಿಕ್ತವಾದ ನಡೆಯೂ ಕಂಡುಬಂದಿತು. 2022ರ ಜನವರಿಯಲ್ಲಿ ನಮ್ಮ ಓಣಿಯ ವೃದ್ಧರೊಬ್ಬರು, ಎರಡು ಸಲ ಲಸಿಕೆ ಪಡೆದವರು, ಜ್ವರದಿಂದ ಮಲಗಿದರು. ಮಗನು ದೂರದ ಊರಿನಲ್ಲಿದ್ದನು. ಅವರ ಬಾಲ್ಯಮಿತ್ರರೊಬ್ಬರು ದಿನಕ್ಕೆರಡು ಸಲ ಗಂಜಿಯ ತಂಬಿಗೆಯನ್ನು ಜಗಲಿಯ ಮೇಲಿಟ್ಟು, ಮೂಗು ಬಾಯಿಗಳನ್ನು ಮುಚ್ಚಿಕೊಂಡೇ ಅಂಗಳದ ಬೇವಿನ ಮರದ ಕೆಳಗೆ ನಿಂತು ಕೂಗುವರು: “ಎಷ್ಟು ತೋರಿಸುತ್ತದೆ?” ಒಳಗಿನಿಂದ ರೋಗಿಯು ಬೆರಳಿಗೆ ಹಾಕಿದ ಆಕ್ಸಿಮೀಟರಿನ ಅಂಕೆಯನ್ನು ಕಿಡಕಿಯಿಂದ ಹೇಳುವರು. 97, 96, ಹೀಗೆ ನಾಲ್ಕು ದಿನಗಳು ನಡೆದವು. ಐದನೆಯ ದಿನ ಸಂಜೆ 92 ಎಂದು ಉತ್ತರ ಬಂದಿತು. ಗಳಿಗೆ ಬಿಟ್ಟು ಇನ್ನೆರಡು ಸಲ ನೋಡಿಸಿದರು; ಅಷ್ಟೇ. 93ಕ್ಕೆ ಇಳಿದರೆ ಮನೆಯಲ್ಲಿ ಇರಿಸಬಾರದೆಂಬದನ್ನು ಅವರು ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದಿದ್ದರು. ಕೂಡಲೇ 108ಕ್ಕೆ ದೂರವಾಣಿ ಮಾಡಿ, ಗಾಡಿಯು ಬರುವವರೆಗೆ ಆ ಮರದ ಕೆಳಗೇ ನಿಂತು ಹಳೆಯ ಭಜನೆಯ ಕಥೆಗಳನ್ನು ಹೇಳುತ್ತಲಿದ್ದರು. ರೋಗಿಯು ಆಸ್ಪತ್ರೆಯಲ್ಲಿ ಕೆಲವು ದಿನ ಆಮ್ಲಜನಕವನ್ನು ಪಡೆದು ಗುಣಹೊಂದಿ ಬಂದರು. “ನಿಮಗೆ ಅಂಜಿಕೆಯಾಗಲಿಲ್ಲವೆ?” ಎಂದು ಆ ಮಿತ್ರರನ್ನು ಒಬ್ಬರು ಕೇಳಿದರು. “ಅಂಜಿಕೆಯಾದದ್ದರಿಂದಲೇ ಮರದ ಕೆಳಗೆ ನಿಂತೆ, ಇಲ್ಲದಿದ್ದರೆ ಒಳಗೇ ಹೋಗುತ್ತಿದ್ದೆ” ಎಂದರು.

ಈ ಉತ್ತರದಲ್ಲಿ ಭೃತ್ಯಾಚಾರದ ಸಾರವಿದೆಯೆಂದು ನನ್ನ ಅಭಿಪ್ರಾಯ. ಪಂಚಾಚಾರಗಳಲ್ಲಿ ಗಣಾಚಾರವನ್ನು ನಮ್ಮವರು ಉತ್ಸಾಹದಿಂದ ವರ್ಣಿಸುವರು. ಅದರಲ್ಲಿ ವೀರವಿದೆ, ಕೇಳಲಿಕ್ಕೆ ಇಂಪು. ಭೃತ್ಯಾಚಾರವು ಪಟ್ಟಿಯ ಕೊನೆಯಲ್ಲಿ ಸದ್ದಿಲ್ಲದೆ ನಿಂತಿರುತ್ತದೆ. ಶಿವಭಕ್ತರಿಗೆ ತಾನು ಭೃತ್ಯನೆಂದು ತಿಳಿದು ನಡೆಯುವದು ಅದು. ಭೃತ್ಯನಿಗೆ ತನ್ನ ಶೌರ್ಯವನ್ನು ತೋರಿಸುವ ಹಕ್ಕಿಲ್ಲ. ಒಡೆಯನಿಗೆ ಬೇಕಾದದ್ದನ್ನು ಬೇಕಾದ ರೀತಿಯಲ್ಲಿ ಮಾಡಬೇಕು. ರೋಗಿಗೆ ಬೇಕಾದದ್ದು ಗಂಜಿ, ಅಂಕೆ, ಧ್ವನಿ. ಅಂಜದೆ ಒಳಹೊಕ್ಕು ತಾನೂ ಮಲಗಿ, ತನ್ನ ಮನೆಯವರನ್ನೂ ಮಲಗಿಸುವದು ಭಕ್ತಿಯಂತೆ ಕಂಡರೂ ಅದರಿಂದ ರೋಗಿಗಾದ ಲಾಭವೇನು? ಗಂಜಿ ತರುವ ಒಬ್ಬನು ಕಡಮೆಯಾದನು. ಆಯ್ದಕ್ಕಿ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮರಳಿ ಚೆಲ್ಲಿಬರಲು ಹೇಳಿದ ಕಥೆಯನ್ನು ನೀವೆಲ್ಲ ಬಲ್ಲಿರಿ. ದಾಸೋಹಕ್ಕೂ ಒಂದು ಅಳತೆಯುಂಟೆಂಬದನ್ನು ಆ ತಾಯಿಯಷ್ಟು ಸ್ಪಷ್ಟವಾಗಿ ತಿಳಿಸಿದವರು ವಿರಳ. ಸಕ್ಕರೆರೋಗವುಳ್ಳವರು, ಹೃದಯದ ಬೇನೆಯುಳ್ಳವರು, ತುಂಬ ವಯಸ್ಸಾದವರು ರೋಗಿಯ ಕೋಣೆಗೆ ಹೋಗಬೇಕಾಗಿಲ್ಲ. ಅವರು ಗಂಜಿಯನ್ನು ಕುದಿಸಲಿ, ಗಟ್ಟಿಮುಟ್ಟಾದವರು ಒಯ್ಯಲಿ. ಇಬ್ಬರದೂ ದಾಸೋಹವೇ. ಒಳಗೆ ಹೋಗಲೇಬೇಕಾದವರು ಮುಖವನ್ನು ಮುಚ್ಚಿಕೊಳ್ಳಲಿ, ರೋಗಿಯ ಮುಖವನ್ನೂ ಮುಚ್ಚಿಸಲಿ, ಕಿಡಕಿಗಳನ್ನು ತೆರೆಯಲಿ. ಈ ರೋಗವು ಉಸಿರಿನಿಂದ ಗಾಳಿಯಲ್ಲಿ ಹರಡುವಂಥದು. ಪಾತ್ರೆಯನ್ನು ಹತ್ತು ಸಲ ತೊಳೆದು ಕಿಡಕಿಯನ್ನು ಮುಚ್ಚಿಟ್ಟರೆ ಉಪಯೋಗವಿಲ್ಲ.

“ಪೂಜೆಯ ಹೊತ್ತಿಗೆ ಕರೆ ಬಂದರೆ?” ಎಂದು ಕೇಳುವವರಿದ್ದಾರೆ. ನುಲಿಯ ಚಂದಯ್ಯನ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಜಂಗಮದಾಸೋಹಕ್ಕಾಗಿ ಹುಲ್ಲು ಕೊಯ್ಯುತ್ತಿದ್ದಾಗ ಇಷ್ಟಲಿಂಗವು ಜಾರಿಬಿದ್ದರೂ ಆತನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗದ ಮೇಲೆ ಅನಾದರವಿದ್ದುದರಿಂದಲ್ಲ. ಜಂಗಮಕ್ಕೆ ಸಲ್ಲಬೇಕಾದದ್ದು ನಿಲ್ಲಬಾರದೆಂಬ ನಿಷ್ಠೆಯಿಂದ. ಜಂಗಮವೆಂದರೆ ಚಲಿಸುವದು. ಹಾಸಿಗೆಯಲ್ಲಿ ಮಲಗಿದವನಾದರೋ ಚಲಿಸಲಾರದವನು. ಜಂಗಮವು ನಮ್ಮ ಮನೆಗೆ ಬರಲಾರದಿದ್ದಾಗ ನಾವೇ ಅದರ ಬಾಗಿಲಿಗೆ ಹೋಗಬೇಕಾಗುವದು.

ಹೋದಾಗ ಏನು ಮಾತಾಡಬೇಕೆಂಬದನ್ನೂ ಹೇಳದೆ ವಿಧಿಯಿಲ್ಲ. ಗಂಜಿಯೊಡನೆ ನಂಜನ್ನು ಬಡಿಸುವವರೂ ಉಂಟು. “ಲಸಿಕೆ ಹಾಕಿಸಿಕೊಂಡು ಏನು ಬಂದಿತು?” ಎಂಬದು ಮೊದಲನೆಯ ನಂಜು. “ಯಾವ ಜನ್ಮದ ಕರ್ಮವೋ” ಎಂಬದು ಎರಡನೆಯದು. ಲಿಂಗದೀಕ್ಷೆಯಿಂದ ಕರ್ಮಬಂಧವು ಹರಿಯಿತೆಂದು ಸಾರುವ ನಾವು ಜ್ವರದ ಗಳಿಗೆಯಲ್ಲಿ ಅದನ್ನು ಮರಳಿ ತಂದು ರೋಗಿಯ ತಲೆಗೆ ಕಟ್ಟುವದು ನ್ಯಾಯವಲ್ಲ. “ಎಲ್ಲಿಂದ ತಂದೆ?” ಎಂಬದು ಮೂರನೆಯದು, ಅತಿ ಕ್ರೂರವಾದದ್ದು. ವೈದ್ಯರು ಅದನ್ನು ಕೇಳಿದರೆ ಪ್ರಯೋಜನವುಂಟು. ಮಿತ್ರನು ಕೇಳಿದರೆ ಅದು ಆರೋಪವಾಗುವದು. ವೈದ್ಯ ಸಂಗಣ್ಣನೆಂಬ ಶರಣನು ರೋಗ, ಔಷಧಗಳ ಪರಿಭಾಷೆಯನ್ನೇ ಬಳಸಿ ತತ್ತ್ವವನ್ನು ಹೇಳಿದವನು. ವೈದ್ಯನ ಕಾಯಕಕ್ಕೂ ಅನುಭವಮಂಟಪದಲ್ಲಿ ಸ್ಥಾನವಿದ್ದಿತೆಂಬದು ಇದರಿಂದ ತಿಳಿಯುವದು. ಆದುದರಿಂದ ವಿಭೂತಿಯನ್ನು ಹಚ್ಚಿರಿ, ಮಂತ್ರವನ್ನು ಹೇಳಿರಿ. ಅಂಕೆಯು ಇಳಿದರೆ ಗಾಡಿಯನ್ನು ಕರೆಯಲು ತಡಮಾಡಬೇಡಿರಿ. ಯಾರೋ ಹೇಳಿದ ಕಷಾಯವನ್ನು ಕುದಿಸುತ್ತ ಒಂದು ರಾತ್ರಿಯನ್ನು ಕಳೆದದ್ದರಿಂದ ಹೋದ ಜೀವಗಳಿವೆ.

ಇನ್ನು ಗುಣವಾದ ಮೇಲಿನ ಮಾತು. ಈ ಕಾಯಿಲೆಯಿಂದ ಎದ್ದ ಕೆಲವರಿಗೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಆಯಾಸವು ಉಳಿಯುವದು. ಮೆಟ್ಟಿಲು ಹತ್ತಿದರೆ ಏದುಸಿರು, ಮಾತಿನ ನಡುವೆ ಮರೆವು, ರುಚಿ ವಾಸನೆಗಳ ಲೋಪ. ಲಸಿಕೆ ಪಡೆದವರಲ್ಲಿ ಇದು ಕಡಮೆಯೆಂದು ತಿಳಿದುಬಂದಿದ್ದರೂ ಇಲ್ಲವೇ ಇಲ್ಲವೆನ್ನುವಂತಿಲ್ಲ. ಜ್ವರವು ಕಣ್ಣಿಗೆ ಕಾಣುತ್ತದೆ, ಆಯಾಸವು ಕಾಣುವದಿಲ್ಲ. ಹೀಗಾಗಿ ಅಂಥವರನ್ನು ಸೋಮಾರಿಗಳೆಂದು ಮನೆಯವರೇ ಬೈದದ್ದುಂಟು. ಏಳು ದಿನಗಳಾದವು, ಇನ್ನು ಕಾಯಕಕ್ಕೆ ಇಳಿಯಲಿ ಎಂದು ಅವಸರಿಸಬೇಡಿರಿ. ಎಂಟನೆಯ ದಿನ ಅವರ ಜಗಲಿಗೆ ಹೋಗಿ ಪಕ್ಕದಲ್ಲಿಯೇ ಕುಳಿತುಕೊಳ್ಳಿರಿ, ಅವರ ಮನೆಯ ನೀರನ್ನು ಕೇಳಿ ಕುಡಿಯಿರಿ. ಹೊಲದ ಕೆಲಸವಿದ್ದರೆ ಒಂದು ಹದ ಹೂಡಿಕೊಡಿರಿ. ಅವರ ಎತ್ತುಗಳಿಗೆ ಇನ್ನೊಂದು ವಾರ ನೀವೇ ನೀರು ತೋರಿಸಿಕೊಂಡು ಬನ್ನಿರಿ.